ಪಿಕಪ್‌ಗೆ ಲಿಫ್ಟ್ ಹಾಕಿಸುವ ಮುನ್ನ ಮತ್ತು ನಂತರ: ಮುಂದಿನ ಆಕ್ಸಲ್‌ನ ಸವೆತವನ್ನು ಅಳೆದು ತಡೆಯುವ ಕ್ರಮ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳ ತೋಟದ ದಾರಿಗಳಲ್ಲಿ ಲಿಫ್ಟ್ ಹಾಕಿಸಿಕೊಂಡ, ಅಂದರೆ ಸಸ್ಪೆನ್ಷನ್ ಮಾರ್ಪಡಿಸಿ ಎತ್ತರಿಸಿದ, ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್, ಮಹೀಂದ್ರ ಥಾರ್‌ಗಳು ಈಗ ಅಪರೂಪವಲ್ಲ. ಮಳೆಗಾಲದಲ್ಲಿ ಗಾಲಿಯ ಜಾಡು ಆಳವಾಗಿ ಕೊರೆದು ನಡುವೆ ದಿಬ್ಬ ಉಳಿಯುವ ಕಚ್ಚಾ ರಸ್ತೆಯಲ್ಲಿ ವಾಹನದ ಹೊಟ್ಟೆ ತಾಗದಂತೆ ಓಡಾಡಬೇಕಾದವರಿಗೆ ಒಂದೆರಡು ಇಂಚು ಎತ್ತರ ನಿಜಕ್ಕೂ ಬೇಕಾಗುತ್ತದೆ. ಆದರೆ ಲಿಫ್ಟ್ ಹಾಕುವ ಅಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ ‘ಎಷ್ಟು ಇಂಚು ಬೇಕು?’ ಎಂಬುದು. ಮುಂದಿನ ಆಕ್ಸಲ್ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಬೇರೆ ಎರಡು ಅಳತೆಗಳು: ಎತ್ತರಿಸಿದ ವಾಹನ ಸಮನೆಲದಲ್ಲಿ ನಿಂತಾಗ ಗಾಲಿಯನ್ನು ತಿರುಗಿಸುವ ಡ್ರೈವ್ ಶಾಫ್ಟ್ ಯಾವ ಕೋನದಲ್ಲಿರುತ್ತದೆ, ಮತ್ತು ಗಾಲಿ ನೆಲ ಬಿಟ್ಟು ಪೂರ್ತಿ ಇಳಿಬಿದ್ದಾಗ ಆ ಕೋನ ಎಲ್ಲಿಗೆ ಮುಟ್ಟುತ್ತದೆ. ಮೊದಲನೆಯದನ್ನು ಇಲ್ಲಿ ನಿಂತ ಕೋನವೆಂದೂ ಎರಡನೆಯದನ್ನು ಇಳಿಬಿದ್ದ ಕೋನವೆಂದೂ ಕರೆಯುತ್ತೇನೆ. ಎರಡನ್ನೂ ಮನೆಯಂಗಳದಲ್ಲೇ ಅಳೆಯಬಹುದು, ಅಳೆದ ಮೇಲೆ ಎಷ್ಟು ಇಂಚು ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ ಕಾನೂನಿನ ಮಾತೊಂದನ್ನು ಹೇಳಿಬಿಡಬೇಕು. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ವಿಚಾರಿಸಿಕೊಂಡೇ ಮುಂದುವರಿಯಬೇಕು. ವಾರಂಟಿ ಅವಧಿಯಲ್ಲಿರುವ ವಾಹನವಾದರೆ ಮುಂದಿನ ಆಕ್ಸಲ್ ಕೆಟ್ಟಾಗ ಲಿಫ್ಟ್‌ನತ್ತ ಬೊಟ್ಟು ಮಾಡಲಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿಮ್ಮ ವಾಹನದ ಮುಂದಿನ ಆಕ್ಸಲ್ ಯಾವ ಬಗೆಯದು?

ಈ ತಿಳಿವಳಿಕೆಯಿಲ್ಲದೆ ಓದುವ ಸಲಹೆಗಳಲ್ಲಿ ಅರ್ಧದಷ್ಟು ನಿಮ್ಮ ವಾಹನಕ್ಕೆ ಅನ್ವಯಿಸುವುದೇ ಇಲ್ಲ. ವಿ-ಕ್ರಾಸ್, ಹೈಲಕ್ಸ್ ಮತ್ತು 2020ರಲ್ಲಿ ಬಂದ ಥಾರ್‌ನಲ್ಲಿ ಮುಂದಿನ ಎರಡು ಗಾಲಿಗಳಿಗೂ ಪ್ರತ್ಯೇಕ ಸಸ್ಪೆನ್ಷನ್ ಇದೆ. ಎಂಜಿನ್ನಿನ ಬಲವನ್ನು ಎರಡು ಗಾಲಿಗಳಿಗೆ ಹಂಚುವ ಡಿಫರೆನ್ಷಿಯಲ್ ಚಾಸಿಗೆ ಕಚ್ಚಿಕೊಂಡಿರುತ್ತದೆ, ಅಲ್ಲಿಂದ ಎಡಕ್ಕೂ ಬಲಕ್ಕೂ ಹೊರಡುವ ಡ್ರೈವ್ ಶಾಫ್ಟ್‌ಗಳ ಎರಡು ತುದಿಯಲ್ಲೂ ಸಿವಿ ಜಾಯಿಂಟ್ (ಬಾಗಿದ್ದರೂ ಒಂದೇ ವೇಗದಲ್ಲಿ ತಿರುಗಿಸುವ ಕೀಲು) ಇರುತ್ತದೆ. ಚಾಸಿ ಮೇಲೇರಿದರೆ ಡಿಫರೆನ್ಷಿಯಲ್ ಕೂಡ ಅದರೊಡನೆ ಮೇಲೇರುತ್ತದೆ, ಗಾಲಿ ಮಾತ್ರ ನೆಲದ ಮೇಲೆ ಮೊದಲಿನ ಜಾಗದಲ್ಲೇ ಉಳಿಯುತ್ತದೆ, ಹೀಗಾಗಿ ಶಾಫ್ಟ್ ಒಳಗಿನಿಂದ ಹೊರಕ್ಕೆ ಇಳಿಜಾರಾಗುತ್ತದೆ. ಇಂತಹ ವಾಹನಗಳಲ್ಲಿ ಲಿಫ್ಟ್‌ನ ಪೆಟ್ಟು ನೇರವಾಗಿ ಬೀಳುವುದು ಸಿವಿ ಜಾಯಿಂಟ್‌ಗಳ ಮೇಲೆ.

ಮಾರುತಿ ಜಿಪ್ಸಿ, ಜಿಮ್ನಿ ಮತ್ತು ಹಳೆಯ ಎಂಎಂ 540ಗಳಲ್ಲಿ ಮುಂದೆಯೂ ಇಡಿಯಾದ ಗಟ್ಟಿ ಆಕ್ಸಲ್ ಇದೆ. ಅಲ್ಲಿ ಡಿಫರೆನ್ಷಿಯಲ್ ಗಾಲಿಗಳೊಡನೆ ನೆಲದ ಬಳಿಯೇ ಉಳಿಯುವುದರಿಂದ, ಎಷ್ಟೇ ಎತ್ತರಿಸಿದರೂ ಆಕ್ಸಲ್‌ನೊಳಗಿನ ಶಾಫ್ಟ್‌ನ ಕೋನ ಬದಲಾಗುವುದಿಲ್ಲ. ಬದಲಾಗುವುದು ಗೇರ್‌ಬಾಕ್ಸ್ ಕಡೆಯಿಂದ ಮುಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್‌ನ ಇಳಿಜಾರು, ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಗಾಲಿ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಮತ್ತು ಸ್ಟೀರಿಂಗ್ ರಾಡುಗಳ ಓರೆ. ಗಟ್ಟಿ ಆಕ್ಸಲ್‌ಗೆ ಬೇಕಾದ ಕ್ರಮ ಕೊನೆಯ ಭಾಗದಲ್ಲಿದೆ. ಅದಕ್ಕೆ ಮೊದಲು ಬರುವುದೆಲ್ಲ ಪ್ರತ್ಯೇಕ ಸಸ್ಪೆನ್ಷನ್‌ನ ವಾಹನಗಳಿಗೆ.

ಕೋನ ಹೆಚ್ಚಿದಾಗ ಜಾಯಿಂಟಿನೊಳಗೆ ಆಗುವುದು

ಗಾಲಿಯ ಬಳಿಯ ಹೊರ ಜಾಯಿಂಟಿನಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ಒಳ ಬಟ್ಟಲು ಮತ್ತು ಹೊರ ಬಟ್ಟಲುಗಳ ತೋಡುಗಳಲ್ಲಿ ಕುಳಿತಿರುತ್ತವೆ. ಶಾಫ್ಟ್ ನೇರವಾಗಿದ್ದರೆ ಗುಂಡುಗಳು ಕುಳಿತಲ್ಲೇ ಕುಳಿತು ಸುತ್ತುತ್ತವೆ. ಕೋನವಿದ್ದರೆ ಗಾಲಿಯ ಒಂದೊಂದು ಸುತ್ತಿಗೂ ಪ್ರತಿಯೊಂದು ಗುಂಡು ತನ್ನ ತೋಡಿನಲ್ಲಿ ಒಮ್ಮೆ ಹೋಗಿ ಬರುತ್ತದೆ, ಮತ್ತು ಆ ಓಡಾಟದ ಉದ್ದ ಕೋನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 265/60 ಆರ್18 ಟೈರು ಒಂದು ಕಿಲೋಮೀಟರಿಗೆ ಸುಮಾರು 410 ಸುತ್ತು ಹಾಕುತ್ತದೆ. ಅಂದರೆ 10,000 ಕಿಲೋಮೀಟರಿನಲ್ಲಿ ಒಂದೊಂದು ಗುಂಡು ಸುಮಾರು 41 ಲಕ್ಷ ಸಲ ಹೋಗಿ ಬರುತ್ತದೆ. ಗುಂಡುಗಳ ವೃತ್ತದ ತ್ರಿಜ್ಯ 32 ಮಿ.ಮೀ. ಎಂದುಕೊಂಡರೆ, 5.5 ಡಿಗ್ರಿಯಲ್ಲಿ ಗುಂಡು ನಡುವಿನಿಂದ ಆಚೆಗೂ ಈಚೆಗೂ ಒಂದೂವರೆ ಮಿ.ಮೀ. ಸರಿಯುತ್ತದೆ. 12.4 ಡಿಗ್ರಿಯಲ್ಲಿ ಅದು ಮೂರೂವರೆ ಮಿ.ಮೀ. ಆಗುತ್ತದೆ. ಉಜ್ಜಾಟದ ದೂರ ಎರಡು ಪಟ್ಟಿಗಿಂತ ಹೆಚ್ಚಾದ ಮೇಲೆ ಹುಟ್ಟುವ ಬಿಸಿಯೂ ಹೆಚ್ಚುತ್ತದೆ, ಗ್ರೀಸ್ ಬೇಗ ತೆಳುವಾಗುತ್ತದೆ.

ಹೊರ ಜಾಯಿಂಟ್ ಸ್ಟೀರಿಂಗ್ ತಿರುಗಿಸುವಾಗಿನ ದೊಡ್ಡ ಕೋನಕ್ಕೆಂದೇ ಮಾಡಿದ್ದಾದ್ದರಿಂದ 45 ಡಿಗ್ರಿಯ ಸುಮಾರಿನವರೆಗೂ ಬಾಗಬಲ್ಲದು. ಡಿಫರೆನ್ಷಿಯಲ್ ಬಳಿಯ ಒಳ ಜಾಯಿಂಟ್‌ಗೆ ಅಂತಹ ಅವಕಾಶವಿಲ್ಲ. ಮೂರು ಉರುಳೆಗಳ ಆ ಜಾಯಿಂಟ್ ಶಾಫ್ಟ್‌ನ ಉದ್ದ ಹೆಚ್ಚುಕಡಿಮೆಯಾಗಲು ಜಾಗ ಕೊಡುತ್ತದೆ, ಆದರೆ ಬಾಗುವ ಮಿತಿ ಸಾಮಾನ್ಯವಾಗಿ 23ರಿಂದ 26 ಡಿಗ್ರಿಯಷ್ಟೇ. ಕೋನ ಹೆಚ್ಚಿದಂತೆ ಉರುಳೆಗಳು ಒಂದು ಸುತ್ತಿಗೆ ಮೂರು ಸಲ ಶಾಫ್ಟನ್ನು ಉದ್ದುದ್ದಕ್ಕೆ ತಳ್ಳುತ್ತವೆ. ಎತ್ತರಿಸಿದ ವಾಹನ ನಾಲ್ಕು ಗಾಲಿಯ ಎಳೆತದಲ್ಲಿ ವೇಗ ಹೆಚ್ಚಿಸುವಾಗ ಮುಂಭಾಗ ಅದುರುತ್ತದೆ ಎಂಬ ದೂರಿಗೆ ಮುಖ್ಯ ಕಾರಣ ಇದೇ, ಬಹಳಷ್ಟು ಜನ ಟೈರ್ ಬ್ಯಾಲೆನ್ಸಿಂಗ್‌ಗೆ ಹಣ ಸುರಿದು ಸುಸ್ತಾಗುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಲಕ್ಷ ಕಿಲೋಮೀಟರ್ ಓಡಿದ ವಾಹನದಲ್ಲಿ ಉರುಳೆಗಳು ತಮ್ಮ ಹಳೆಯ ಜಾಗದಲ್ಲಿ ಸಣ್ಣ ಕುಳಿ ಮಾಡಿಕೊಂಡಿರುತ್ತವೆ. ಲಿಫ್ಟ್ ಹಾಕಿದಾಗ ಅವು ಆ ಕುಳಿಯ ಅಂಚಿನ ಮೇಲೆ ಹತ್ತಿ ಇಳಿಯತೊಡಗುತ್ತವೆ, ಆದ್ದರಿಂದ ಅದುವರೆಗೆ ಸದ್ದಿಲ್ಲದ ಆಕ್ಸಲ್ ಲಿಫ್ಟ್ ಹಾಕಿದ ವಾರದಲ್ಲೇ ಸದ್ದು ಮಾಡುವುದುಂಟು.

‘ನಾನು ಬಹುಪಾಲು ಟು-ವೀಲ್ ಡ್ರೈವ್‌ನಲ್ಲೇ ಓಡಿಸುತ್ತೇನೆ, ಮುಂದಿನ ಆಕ್ಸಲ್‌ಗೇನು?’ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಹೈಲಕ್ಸ್‌ನಂಥ ವಾಹನದಲ್ಲಿ ಸಂಪರ್ಕ ಕಡಿಯುವುದು ಡಿಫರೆನ್ಷಿಯಲ್ ಬಳಿ. ಗಾಲಿಗೆ ಕಚ್ಚಿಕೊಂಡ ಡ್ರೈವ್ ಶಾಫ್ಟ್‌ಗಳು ಹೆದ್ದಾರಿಯಲ್ಲೂ ಅದೇ ಕೋನದಲ್ಲಿ ತಿರುಗುತ್ತಲೇ ಇರುತ್ತವೆ. ಹೊರೆ ಇಲ್ಲದಿದ್ದರಿಂದ ಸವೆತ ಕಡಿಮೆ, ಆದರೆ ಬೂಟಿನ (ಜಾಯಿಂಟನ್ನು ಮುಚ್ಚಿ ಗ್ರೀಸ್ ಹಿಡಿದಿಡುವ ರಬ್ಬರ್ ಕವಚ) ಮಡಿಕೆಗಳು ಒಂದಕ್ಕೊಂದು ಉಜ್ಜುವುದು ತಪ್ಪುವುದಿಲ್ಲ. ಜಿಪ್ಸಿಯಂತೆ ಗಾಲಿಯ ಹಬ್ ಬಿಡಿಸಬಲ್ಲ ವಾಹನದಲ್ಲಿ ಮಾತ್ರ, ಹಬ್ ಬಿಡಿಸಿದಾಗ ಶಾಫ್ಟ್ ನಿಂತೇ ಇರಬಲ್ಲದು.

ಹಂತ 1: ಲಿಫ್ಟ್‌ಗೆ ಮುಂಚಿನ ತಪಾಸಣೆ

ಮೊದಲು ಈಗಿರುವ ಸವೆತವನ್ನು ದಾಖಲಿಸಿಕೊಳ್ಳಬೇಕು, ಇಲ್ಲವಾದರೆ ನಂತರ ಕಾಣುವ ದೋಷ ಲಿಫ್ಟ್‌ನದೋ ಹಳೆಯದೋ ತಿಳಿಯುವುದಿಲ್ಲ. ವೀಲ್ ಅಲೈನ್‌ಮೆಂಟ್ ಮಾಡಿಸಿ, ಕ್ಯಾಂಬರ್ (ಗಾಲಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಕ್ಯಾಸ್ಟರ್, ಟೋ (ಎರಡು ಗಾಲಿಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಅಂಕಿಗಳ ಮುದ್ರಿತ ಹಾಳೆಯನ್ನು ಕೇಳಿ ಪಡೆಯಿರಿ. ಮುಂಭಾಗವನ್ನು ಎತ್ತಿ ಚಾಸಿಯ ಕೆಳಗೆ ಜಾಕ್ ಸ್ಟ್ಯಾಂಡ್ ಕೊಡಿ, ಹೈಡ್ರಾಲಿಕ್ ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬಾರದು. ಗಾಲಿಯನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡ ಮತ್ತು ಬಲ ಹಿಡಿದಾಗ ಕಂಡರೆ ಟೈ ರಾಡ್ ಎಂಡ್ ಸಂಶಯಕ್ಕೆ ಬರುತ್ತದೆ. ಇನ್ನೊಬ್ಬರು ಬ್ರೇಕ್ ತುಳಿದು ಹಿಡಿದಾಗ ಮೇಲೆ ಕೆಳಗಿನ ಆಟ ಮಾಯವಾದರೆ ಅದು ಬೇರಿಂಗಿನದು.

ಬೂಟುಗಳನ್ನು ಟಾರ್ಚ್ ಹಾಕಿ ಮಡಿಕೆ ಮಡಿಕೆ ಬಿಡಿಸಿ ನೋಡಬೇಕು. ಬಿರುಕು ಮಡಿಕೆಯ ತಳದಲ್ಲಿ ಹುಟ್ಟುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಕ್ಲಿಪ್ಪಿನ ಬಳಿ ಗ್ರೀಸ್ ಜಿನುಗಿದ್ದರೆ ಒಂದಿಷ್ಟನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತೆಗೆದುಕೊಂಡು ಉಜ್ಜಿ ನೋಡಿ. ಒಳ್ಳೆಯ ಗ್ರೀಸ್ ಕಪ್ಪಗೆ ನುಣ್ಣಗೆ ಜಾರುತ್ತದೆ. ಮಣ್ಣು ಹೊಕ್ಕಿದ್ದರೆ ಬೆರಳಿಗೆ ಗರಗರ ಎನ್ನುತ್ತದೆ, ಮಲೆನಾಡಿನ ಕೆಮ್ಮಣ್ಣಾದರೆ ಬಣ್ಣವೂ ಕಂದಾಗಿರುತ್ತದೆ. ಬಿಸಿಲಿಗೆ ಹಿಡಿದಾಗ ಬೆರಳ ಮೇಲೆ ಸಣ್ಣ ಬೆಳ್ಳಿಪುಡಿಯಂತಹ ಹೊಳಪು ಕಂಡರೆ ಅದು ಗುಂಡುಗಳ ತೋಡಿನಿಂದ ಎದ್ದ ಉಕ್ಕು, ಆ ಜಾಯಿಂಟಿಗೆ ಬರೀ ಬೂಟು ಬದಲಿಸಿ ಪ್ರಯೋಜನವಿಲ್ಲ. ಹೀಗಿರುವ ವಾಹನಕ್ಕೆ ಲಿಫ್ಟ್ ಹಾಕುವ ಮಾತನ್ನು ಜಾಯಿಂಟ್ ಬದಲಿಸಿದ ಮೇಲೆ ಎತ್ತಿಕೊಳ್ಳುವುದು ಲೇಸು.

ಹಂತ 2: ಎರಡು ಕೋನಗಳನ್ನು ಅಳೆಯುವುದು

ಸಮನೆಲ ಆರಿಸಿಕೊಳ್ಳಿ, ಗಾರೆಯವರ ರಸಮಟ್ಟ ಇಟ್ಟು ಖಚಿತಪಡಿಸಿಕೊಂಡರೆ ಇನ್ನೂ ಒಳ್ಳೆಯದು. ವಾಹನದಲ್ಲಿ ನೀವು ಸಾಮಾನ್ಯವಾಗಿ ಒಯ್ಯುವಷ್ಟು ಹೊರೆ ಇರಲಿ, ಟೈರಿನ ಗಾಳಿ ಸರಿಯಿರಲಿ, ಮತ್ತು ಅಳೆಯುವ ಮುನ್ನ ವಾಹನವನ್ನು ನಾಲ್ಕು ಮಾರು ಹಿಂದೆ ಮುಂದೆ ಉರುಳಿಸಿ. ಜಾಕಿನಿಂದ ಇಳಿಸಿದ ಕೂಡಲೇ ಟೈರು ನೆಲಕ್ಕೆ ಕಚ್ಚಿ ಸಸ್ಪೆನ್ಷನ್ ಪೂರ್ತಿ ಕೂರುವುದಿಲ್ಲ, ಆಗ ತೆಗೆದ ಅಳತೆ ಸುಳ್ಳಾಗುತ್ತದೆ. ಗಾಲಿಯ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿ ಬರೆದುಕೊಳ್ಳಿ. ನೆಲದಿಂದ ಫೆಂಡರ್‌ವರೆಗೆ ಅಳೆಯಬಾರದು, ಟೈರಿನ ಸವೆತ ಅದರಲ್ಲಿ ಸೇರಿಕೊಳ್ಳುತ್ತದೆ.

ನಂತರ ಎರಡು ಬೂಟುಗಳ ನಡುವಿನ ಬರಿಯ ಶಾಫ್ಟ್ ಮೇಲೆ ಸಣ್ಣ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಒತ್ತಿಹಿಡಿದು, ಅದರ ಮೇಲೆ ಮೊಬೈಲಿನ ಕೋನ ಅಳೆಯುವ ಆ್ಯಪ್ ಇಟ್ಟು ಓದಿಕೊಳ್ಳಿ. ಇದು ನಿಂತ ಕೋನ. ಇಳಿಬಿದ್ದ ಕೋನಕ್ಕೆ ಮುಂದಿನ ಎರಡೂ ಗಾಲಿಗಳನ್ನು ಒಟ್ಟಿಗೆ ನೇತಾಡಿಸಬೇಕು. ಒಂದೇ ಗಾಲಿ ಎತ್ತಿದರೆ ಎರಡೂ ಬದಿಯನ್ನು ಬೆಸೆಯುವ ಸ್ಟೆಬಿಲೈಸರ್ ಬಾರ್ ಅದನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ. ನೇತಾಡುತ್ತಿರುವಾಗಲೇ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಗಾಲಿಯನ್ನು ಕೈಯಲ್ಲಿ ನಿಧಾನವಾಗಿ ಸುತ್ತಿಸಿ ನೋಡಿ. ಎಲ್ಲಾದರೂ ಹಿಡಿದುಕೊಂಡಂತಾದರೆ ಅಥವಾ ಬೂಟಿನ ಮಡಿಕೆಗಳು ಕೆಳಬದಿಯಲ್ಲಿ ಒಂದರ ಮೇಲೊಂದು ಹಿಂಡಿಕೊಂಡರೆ, ಅಲ್ಲಿಗೆ ಮಿತಿ ಮುಟ್ಟಿತೆಂದು ಅರ್ಥ.

ಹಂತ 3: ಎಷ್ಟು ಎತ್ತರ, ಯಾವ ವಿಧಾನ

ಲೆಕ್ಕ ಸರಳ. ಒಳ ಜಾಯಿಂಟಿನ ನಡುವಿನಿಂದ ಹೊರ ಜಾಯಿಂಟಿನ ನಡುವಿನವರೆಗೆ ಶಾಫ್ಟ್‌ನ ಉದ್ದ, ಮತ್ತು ಆ ಎರಡು ಬಿಂದುಗಳ ನಡುವಿನ ಎತ್ತರದ ವ್ಯತ್ಯಾಸ ತಿಳಿದರೆ ಕೋನ ಸಿಗುತ್ತದೆ. ಉದಾಹರಣೆಗೆ ಉದ್ದ 420 ಮಿ.ಮೀ., ಕಾರ್ಖಾನೆಯ ಎತ್ತರದಲ್ಲಿ ವ್ಯತ್ಯಾಸ 40 ಮಿ.ಮೀ. ಎಂದಿಟ್ಟುಕೊಂಡರೆ ನಿಂತ ಕೋನ 5.5 ಡಿಗ್ರಿ. 50 ಮಿ.ಮೀ. ಎತ್ತರಿಸಿದರೆ 12.4 ಡಿಗ್ರಿ, 75 ಮಿ.ಮೀ. ಎತ್ತರಿಸಿದರೆ 15.9 ಡಿಗ್ರಿ. ಈ ಅಂಕಿಗಳು ಲೆಕ್ಕ ತೋರಿಸಲಷ್ಟೇ, ನಿಮ್ಮ ವಾಹನದ ಅಳತೆಯನ್ನು ನೀವೇ ಹಾಕಿಕೊಳ್ಳಬೇಕು. ದಿನಬಳಕೆಯ ವಾಹನದಲ್ಲಿ ನಿಂತ ಕೋನ 12 ಡಿಗ್ರಿಯ ಆಸುಪಾಸನ್ನು ದಾಟಬಾರದೆಂಬುದು ನನ್ನ ಅಭಿಪ್ರಾಯ. ತೋಟಕ್ಕೂ ಪೇಟೆಗೂ ಓಡಾಡುವವರಿಗೆ 40 ಮಿ.ಮೀ. ಸಾಕು, 75 ಮಿ.ಮೀ. ಬೇಕೆನ್ನುವವರಲ್ಲಿ ಹೆಚ್ಚಿನವರಿಗೆ ಅದು ನೋಟಕ್ಕಾಗಿ ಬೇಕಿರುತ್ತದೆ.

ವಿಧಾನದ ಆಯ್ಕೆಯೂ ಎತ್ತರದಷ್ಟೇ ಮುಖ್ಯ, ಅಂಗಡಿಗಳಲ್ಲಿ ಇದನ್ನು ವಿವರಿಸುವವರು ಕಡಿಮೆ. ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ ಸ್ಪೇಸರ್ ಕೂರಿಸುವುದು ಅಗ್ಗದ ದಾರಿ. ಶಾಕ್ ಕೆಳಗಿನ ಆರ್ಮ್‌ನ (ಗಾಲಿಯನ್ನು ಚಾಸಿಗೆ ಕಟ್ಟುವ ತೋಳು) ನಡುಭಾಗಕ್ಕೆ ಕಟ್ಟಿರುವುದರಿಂದ 25 ಮಿ.ಮೀ. ಸ್ಪೇಸರ್ ಗಾಲಿಯ ಬಳಿ 40ರಿಂದ 50 ಮಿ.ಮೀ. ಎತ್ತರ ಕೊಡುತ್ತದೆ. ತೊಂದರೆ ಏನೆಂದರೆ, ಗಾಲಿ ಇಳಿಬೀಳುವ ಕೊನೆಯ ಮಿತಿಯೂ ಅಷ್ಟೇ ಕೆಳಕ್ಕೆ ಸರಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಗಾಲಿ ನಿಂತ ಜಾಗದಿಂದ 85 ಮಿ.ಮೀ. ಇಳಿಯುತ್ತಿತ್ತೆಂದರೆ ಮೂಲ ಇಳಿಬಿದ್ದ ಕೋನ 17.3 ಡಿಗ್ರಿ. ಸ್ಪೇಸರಿನಿಂದ 50 ಮಿ.ಮೀ. ಎತ್ತರಿಸಿದ ಮೇಲೆ ಅದು 24.6 ಡಿಗ್ರಿಗೆ ಹೋಗಿ ಒಳ ಜಾಯಿಂಟಿನ ಮಿತಿಗೆ ತಾಗುತ್ತದೆ. ಹಳ್ಳ ದಾಟುವಾಗ ಒಂದು ಗಾಲಿ ನೇತಾಡುತ್ತಿದ್ದು ಅದೇ ಹೊತ್ತಿಗೆ ಎಕ್ಸಲರೇಟರ್ ಒತ್ತಿದರೆ ಮುರಿಯುವುದು ಅಲ್ಲೇ. ಮೇಲಿನ ಆರ್ಮ್‌ನ ಬಾಲ್ ಜಾಯಿಂಟ್ ಕೂಡ ತನ್ನ ಕೊನೆಗೆ ಹೋಗಿ ಒದೆಯುತ್ತದೆ, ಆರ್ಮ್ ಸ್ಪ್ರಿಂಗಿಗೆ ತಾಗುವುದೂ ಉಂಟು.

ಸ್ಪ್ರಿಂಗನ್ನೇ ಬದಲಿಸಿ ಎತ್ತರಿಸಿದರೆ, ಅಥವಾ ಟಾರ್ಶನ್ ಬಾರ್ (ಸ್ಪ್ರಿಂಗಿನಂತೆ ಕೆಲಸ ಮಾಡುವ ತಿರುಚು ಸರಳು) ಇರುವ ಹಳೆಯ ವಾಹನಗಳಲ್ಲಿ ಅದರ ಬೋಲ್ಟ್ ಬಿಗಿಗೊಳಿಸಿದರೆ, ಇಳಿಬೀಳುವ ಮಿತಿ ಬದಲಾಗುವುದಿಲ್ಲ, ಇಳಿಬಿದ್ದ ಕೋನ 17.3ರಲ್ಲೇ ಉಳಿಯುತ್ತದೆ. ಆದರೆ ಕೆಳಕ್ಕೆ ಇಳಿಯಲು ಇದ್ದ 85 ಮಿ.ಮೀ.ನಲ್ಲಿ 35 ಮಾತ್ರ ಉಳಿದಿರುತ್ತದೆ. ರಸ್ತೆಯ ಹಂಪ್ ದಾಟಿ ಇಳಿಯುವಾಗ ಸಸ್ಪೆನ್ಷನ್ ಇಳಿಬೀಳುವ ಮಿತಿಯ ತಡೆಗೆ ಟಕ್ ಎಂದು ಬಡಿಯುವುದು ಇದರಿಂದ. ಒಳ್ಳೆಯ ದಾರಿಯೆಂದರೆ ನಿಮ್ಮ ಮುಂಭಾಗದ ನಿಜವಾದ ತೂಕಕ್ಕೆ ಹೊಂದುವ ಸ್ಪ್ರಿಂಗ್ ಮತ್ತು ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್, 50 ಮಿ.ಮೀ. ದಾಟುವುದಾದರೆ ಜೊತೆಗೆ ಬದಲಿ ಅಪ್ಪರ್ ಆರ್ಮ್. ಉಕ್ಕಿನ ಬಂಪರ್ ಮತ್ತು ವಿಂಚ್ ಹಾಕುವ ಯೋಚನೆಯಿದ್ದರೆ ಮೊದಲು ಅವನ್ನು ಹಾಕಿಸಿ, ಸ್ಪ್ರಿಂಗನ್ನು ಆಮೇಲೆ ಆರಿಸಬೇಕು. ಬರಿಯ ಮುಂಭಾಗಕ್ಕೆ ಭಾರದ ಸ್ಪ್ರಿಂಗ್ ಹಾಕಿದರೆ ಬೇಡದಷ್ಟು ಎತ್ತರವೂ ಬೇಡದಷ್ಟು ಕೋನವೂ ಒಟ್ಟಿಗೆ ಬರುತ್ತವೆ.

ದೊಡ್ಡ ಟೈರಿನಿಂದ ಬರುವ ಎತ್ತರ ಡಿಫರೆನ್ಷಿಯಲ್ ಮತ್ತು ಗಾಲಿ ಎರಡನ್ನೂ ಒಟ್ಟಿಗೆ ಮೇಲೇರಿಸುವುದರಿಂದ ಶಾಫ್ಟ್‌ನ ಕೋನವನ್ನು ಮುಟ್ಟುವುದಿಲ್ಲ. ಆದರೆ 775 ಮಿ.ಮೀ. ವ್ಯಾಸದ ಟೈರಿನ ಬದಲು 830 ಮಿ.ಮೀ.ನದು ಹಾಕಿದರೆ, ಅದೇ ಏರನ್ನು ಹತ್ತಲು ಆಕ್ಸಲ್ ಶೇ 7ರಷ್ಟು ಹೆಚ್ಚು ತಿರುಚುಬಲ ಹೊರಬೇಕಾಗುತ್ತದೆ. ಎತ್ತರಿಸಿದ ಕೋನ ಮತ್ತು ದೊಡ್ಡ ಟೈರು ಒಟ್ಟಾದಾಗ ಜಾಯಿಂಟಿನ ಆಯುಷ್ಯ ಎರಡು ಕಡೆಯಿಂದಲೂ ತಿನ್ನಲ್ಪಡುತ್ತದೆ. ಹೊರಕ್ಕೆ ಚಾಚುವ ರಿಮ್ ಮತ್ತು ವೀಲ್ ಸ್ಪೇಸರ್‌ಗಳು ಬೇರಿಂಗಿಗೆ ಶತ್ರು. ಗಾಲಿಯ ಮೇಲೆ 600 ಕೆ.ಜಿ. ಭಾರವಿದ್ದು ಟೈರಿನ ನಡು 30 ಮಿ.ಮೀ. ಹೊರಕ್ಕೆ ಸರಿದರೆ ಹಬ್ ಮೇಲೆ ನಿಂತಲ್ಲೇ 18 ಕೆ.ಜಿ.-ಮೀಟರ್ ಹೆಚ್ಚುವರಿ ಬಾಗುಬಲ ಬೀಳುತ್ತದೆ. ಲಿಫ್ಟ್‌ನಿಂದ ಬೇರಿಂಗ್ ಹೋಯಿತು ಎನ್ನುವ ಎಷ್ಟೋ ಪ್ರಕರಣಗಳಲ್ಲಿ ತಪ್ಪು ರಿಮ್ಮಿನದಾಗಿರುತ್ತದೆ.

ಹಂತ 4: ಜೋಡಣೆಯ ಹೊತ್ತಿನ ಎಚ್ಚರಗಳು

ಜೋಡಣೆಯನ್ನು ಮೆಕ್ಯಾನಿಕ್ ಮಾಡಿದರೂ ಪಕ್ಕದಲ್ಲಿ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ಜೋಡಿ) ಬಿಚ್ಚಿದ ಮೇಲೆ ಕೆಳಗಿನ ಆರ್ಮ್ ಅನ್ನು ಜಾಕಿನಿಂದ ತಾಳಿ ಹಿಡಿದಿರಬೇಕು. ಅದು ತಟ್ಟನೆ ಕೆಳಗೆ ಬಿದ್ದರೆ ಒಳ ಜಾಯಿಂಟಿನ ಉರುಳೆಗಳು ಬಟ್ಟಲಿನಿಂದ ಹೊರಬಂದು ಬೂಟು ಹರಿಯುತ್ತದೆ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರು ಜಗ್ಗುತ್ತವೆ. ಸ್ಪ್ರಿಂಗನ್ನು ಕಂಪ್ರೆಸರ್ ಇಲ್ಲದೆ ಬಿಚ್ಚಲು ಯಾರಿಗೂ ಅವಕಾಶ ಕೊಡಬಾರದು, ಅದು ಪ್ರಾಣಕ್ಕೆ ಅಪಾಯ.

ಎಲ್ಲಕ್ಕಿಂತ ಹೆಚ್ಚು ಕಡೆಗಣನೆಗೆ ಒಳಗಾಗುವುದು ಆರ್ಮ್ ಬುಷ್‌ನ ಬೋಲ್ಟ್. ಬುಷ್‌ನ ರಬ್ಬರು ಒಳಗಿನ ಮತ್ತು ಹೊರಗಿನ ಕೊಳವೆಗಳಿಗೆ ಅಂಟಿಕೊಂಡಿರುವುದರಿಂದ, ಬೋಲ್ಟ್ ಬಿಗಿದಾಗ ಆರ್ಮ್ ಯಾವ ಸ್ಥಿತಿಯಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಗಾಲಿ ನೇತಾಡುತ್ತಿರುವಾಗಲೇ ಬಿಗಿದು ವಾಹನ ಇಳಿಸಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯತೊಡಗುತ್ತದೆ. ಬೋಲ್ಟ್‌ಗಳನ್ನು ಕೈಬಿಗಿಗೆ ಬಿಟ್ಟು, ವಾಹನವನ್ನು ನೆಲಕ್ಕಿಳಿಸಿ, ಉರುಳಿಸಿ, ಹೊಸ ಎತ್ತರದಲ್ಲಿ ನಿಂತ ಮೇಲೆ ಟಾರ್ಕ್ ರೆಂಚ್‌ನಿಂದ ಕೈಪಿಡಿಯಲ್ಲಿರುವ ಅಂಕಿಗೆ ಬಿಗಿಯಬೇಕು. ಆಕ್ಸಲ್ ನಟ್ ಬಿಚ್ಚಿದ್ದರೆ ಹೊಸದನ್ನೇ ಹಾಕಬೇಕು.

ಅಳೆದಾಗ ನಿಂತ ಕೋನ ಹೆಚ್ಚೆನಿಸಿದರೆ ಡಿಫರೆನ್ಷಿಯಲ್ ಅನ್ನು ಸ್ಪೇಸರ್‌ಗಳಿಂದ ಕೆಳಗಿಳಿಸುವ ಕಿಟ್ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ 50 ಮಿ.ಮೀ. ಲಿಫ್ಟ್‌ಗೆ 25 ಮಿ.ಮೀ. ಇಳಿಸಿದರೆ 12.4 ಡಿಗ್ರಿ 8.9ಕ್ಕೆ ಬರುತ್ತದೆ. ಆದರೆ ಕೆಲವು ಕಿಟ್‌ಗಳು ಮುಂದಿನ ಬೋಲ್ಟ್‌ಗಳನ್ನಷ್ಟೇ ಇಳಿಸುತ್ತವೆ. ಆಗ ಡಿಫರೆನ್ಷಿಯಲ್ ಓರೆಯಾಗಿ, ಶಾಫ್ಟ್ ಕೂರುವ ಜಾಗ ಸ್ಪೇಸರಿನಷ್ಟು ಇಳಿಯುವುದಿಲ್ಲ, ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನವೂ ಬದಲಾಗುತ್ತದೆ. ನೆಲದಿಂದ ಗಳಿಸಿದ್ದ ಎತ್ತರದಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆಂಬುದೂ ನಿಜ. ಹಾಗಾಗಿ ಕಿಟ್ ಹಾಕಿದ ಮೇಲೆ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬದೆ ಕೋನವನ್ನು ಮತ್ತೆ ಅಳೆಯಬೇಕು. ಅದು ಇಳಿಯದಿದ್ದರೆ ಲಿಫ್ಟನ್ನೇ ಕಡಿಮೆ ಮಾಡುವುದು ಅಗ್ಗ.

ಹಂತ 5: ಅಲೈನ್‌ಮೆಂಟ್

ಎತ್ತರಿಸಿದಾಗ ಟೈ ರಾಡ್ ಓರೆಯಾಗಿ ಟೋ ಬದಲಾಗುತ್ತದೆ, ಅಪ್ಪರ್ ಆರ್ಮ್‌ನ ಓರೆಯಿಂದ ಕ್ಯಾಂಬರ್ ಕದಲುತ್ತದೆ, ಕ್ಯಾಸ್ಟರ್ ಸಾಮಾನ್ಯವಾಗಿ ಕುಗ್ಗುತ್ತದೆ. ಟೋ ಒಂದನ್ನೇ ಸರಿಮಾಡಿ ಕಳುಹಿಸುವ ಅಂಗಡಿಗಳಿಗೆ ಹೋಗಬೇಡಿ, ಮೂರೂ ಅಂಕಿಗಳ ಹಾಳೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಕ್ಯಾಸ್ಟರ್ ಕಡಿಮೆಯಾದ ವಾಹನದಲ್ಲಿ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳುವುದಿಲ್ಲ, ಹೆದ್ದಾರಿಯಲ್ಲಿ ತೇಲಾಡುತ್ತದೆ. ಕಾರ್ಖಾನೆಯ ಹೊಂದಾಣಿಕೆಯ ಬೋಲ್ಟ್‌ಗಳು ಕೊನೆಗೆ ಮುಟ್ಟಿಯೂ ಅಂಕಿ ಕೂರದಿದ್ದರೆ, ಬದಲಿ ಅಪ್ಪರ್ ಆರ್ಮ್ ಬೇಕೆಂದೋ ಎತ್ತರ ಹೆಚ್ಚಾಯಿತೆಂದೋ ತಿಳಿಯಬೇಕು. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುವುದರಿಂದ 1,000 ಕಿಲೋಮೀಟರಿನ ಹೊತ್ತಿಗೆ ಎಲ್ಲ ಬೋಲ್ಟ್‌ಗಳನ್ನು ಮರುಬಿಗಿದು ಅಲೈನ್‌ಮೆಂಟ್ ಮತ್ತೊಮ್ಮೆ ಮಾಡಿಸಬೇಕು.

ಹಂತ 6: ಓಡಿಸುವಾಗ ಮತ್ತು ಓಡಿಸಿದ ಮೇಲೆ

ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿ, ಮುಂದಿನ ಗಾಲಿ ನೇತಾಡುತ್ತಿರುವಾಗ, ಲೋ ಗೇರಿನಲ್ಲಿ ಎಕ್ಸಲರೇಟರ್ ಒತ್ತಬಾರದು. ಇವು ಮೂರೂ ಕೂಡಿದ ಆ ಕ್ಷಣದಲ್ಲಿ ಹೊರ ಜಾಯಿಂಟ್ ಸ್ಟೀರಿಂಗ್ ಕೋನವನ್ನೂ ಇಳಿಬಿದ್ದ ಕೋನವನ್ನೂ ಒಟ್ಟಿಗೆ ಹೊತ್ತಿರುತ್ತದೆ. ಸಿಕ್ಕಿಬಿದ್ದಾಗ ಮೊದಲು ಸ್ಟೀರಿಂಗ್ ನೇರ ಮಾಡಿ, ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ. ಒಣ ಡಾಂಬರಿನ ಮೇಲೆ ನಾಲ್ಕು ಗಾಲಿಯ ಎಳೆತ ಹಾಕಿ ತಿರುವುಗಳಲ್ಲಿ ಓಡಿಸುವುದೂ ಆಕ್ಸಲ್‌ಗೆ ಅನಗತ್ಯ ಶಿಕ್ಷೆ.

ಕೆಸರಿನಲ್ಲಿ ಓಡಿಸಿದ ದಿನ ಬೂಟುಗಳಿಗೆ ನೀರು ಬಿಟ್ಟು ತೊಳೆಯಿರಿ, ಆದರೆ ಪ್ರೆಷರ್ ವಾಷರಿನ ಮೂತಿಯನ್ನು ಕ್ಲಿಪ್ಪಿಗೆ ನೇರ ಹಿಡಿಯಬಾರದು, ನೀರು ಒಳಹೊಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ 5,000 ಕಿಲೋಮೀಟರಿಗೊಮ್ಮೆ ಬೂಟುಗಳನ್ನು ಹಂತ 1ರಂತೆಯೇ ಬಿಡಿಸಿ ನೋಡಿ. ಬಿರುಕು ಕಂಡ ದಿನವೇ ಬೂಟು ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ, ಗ್ರೀಸ್ ಚಿಮ್ಮಿದ ಮೇಲೆ ಕೆಲವು ವಾರ ಕಳೆದರೆ ಉಳಿಯುವುದಿಲ್ಲ. ಹೊರ ಜಾಯಿಂಟಿಗೆ ಬೂಟ್ ಕಿಟ್‌ನಲ್ಲಿ ಬರುವ ಮಾಲಿಬ್ಡಿನಮ್ ಡೈಸಲ್ಫೈಡ್ ಸೇರಿದ ಕಪ್ಪು ಗ್ರೀಸನ್ನೇ ತುಂಬಬೇಕು, ಬೇರಿಂಗ್ ಗ್ರೀಸ್ ಸಾಲದು.

ಸದ್ದು ಕೇಳಿದಾಗ ಕಾರಣ ಹುಡುಕಲು ಇಷ್ಟು ನೆನಪಿರಲಿ. ತಿರುಗುವಾಗ ಕಟ್ ಕಟ್ ಎಂದರೆ ಹೊರ ಜಾಯಿಂಟ್. ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ಅದುರಿ, ಎಕ್ಸಲರೇಟರ್ ಬಿಟ್ಟೊಡನೆ ಶಾಂತವಾದರೆ ಒಳ ಜಾಯಿಂಟ್. ಮೊರೆತದ ಸದ್ದು ಸ್ಟೀರಿಂಗನ್ನು ಸ್ವಲ್ಪ ಆಚೀಚೆ ಮಾಡಿದಾಗ ಏರಿಳಿದರೆ ಗಾಲಿಯ ಬೇರಿಂಗ್. ಡಿಫರೆನ್ಷಿಯಲ್‌ನ ಬದಿಯಲ್ಲಿ ಎಣ್ಣೆ ತೇವ ಕಂಡರೆ ಓರೆಯಾಗಿ ತಿರುಗುವ ಶಾಫ್ಟ್ ಆಯಿಲ್ ಸೀಲನ್ನು ತಿನ್ನುತ್ತಿದೆ. ಸೀಲ್ ಬದಲಿಸುವಾಗ ಶಾಫ್ಟ್‌ನ ಆ ಜಾಗದಲ್ಲಿ ಉಗುರಿಗೆ ಸಿಗುವ ಗೆರೆ ಬಿದ್ದಿದೆಯೇ ಎಂದು ನೋಡದಿದ್ದರೆ ಹೊಸ ಸೀಲೂ ಬೇಗ ಸೋರುತ್ತದೆ.

ಗಟ್ಟಿ ಆಕ್ಸಲ್‌ನ ವಾಹನಗಳಿಗೆ

ಜಿಪ್ಸಿ, ಎಂಎಂ 540ಗಳಲ್ಲಿ ಅಳೆಯಬೇಕಾದ್ದು ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನ. ಅದರ ಎರಡು ತುದಿಯ ಯುಜೆ ಕ್ರಾಸ್‌ಗಳು (ಯುನಿವರ್ಸಲ್ ಜಾಯಿಂಟಿನ ಅಡ್ಡಕೀಲುಗಳು) ಒಂದು ಸುತ್ತಿಗೆ ಎರಡು ಸಲ ವೇಗ ಏರಿಳಿಸುತ್ತವೆ. ಎರಡೂ ತುದಿಯ ಕೋನ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಲಿಫ್ಟ್ ಹಾಕಿ ಆಕ್ಸಲ್ ಹೊರಳಿದರೆ ಈ ಸಮತೋಲ ಕೆಟ್ಟು ಕ್ರಾಸ್ ಮತ್ತು ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವ ಡಿಫರೆನ್ಷಿಯಲ್‌ನ ಗೇರು) ಬೇರಿಂಗ್ ಸವೆಯುತ್ತವೆ. ಉದ್ದನೆಯ ಶ್ಯಾಕಲ್ (ಕಮಾನು ಪಟ್ಟಿಯ ತುದಿಯನ್ನು ಚಾಸಿಗೆ ಕಟ್ಟುವ ಕೊಂಡಿ) ಹಾಕಿ ಎತ್ತರಿಸುವ ಹಳೆಯ ರೂಢಿಯಲ್ಲಿ ಇದು ಖಂಡಿತ ಆಗುತ್ತದೆ, ಏಕೆಂದರೆ ಕಮಾನು ಪಟ್ಟಿಯ ಒಂದೇ ತುದಿ ಕೆಳಗಿಳಿದು ಆಕ್ಸಲ್ ತಿರುಗುತ್ತದೆ. ಶ್ಯಾಕಲ್ ಮುಂದಿರುವ ಜೀಪಿನಲ್ಲಿ ಕ್ಯಾಸ್ಟರ್ ಕುಗ್ಗುತ್ತದೆ, ಹಿಂದಿರುವ ವಾಹನದಲ್ಲಿ ಕ್ಯಾಸ್ಟರ್ ಹೆಚ್ಚಿ ಪಿನಿಯನ್ ಮೂತಿ ಕೆಳಗಾಗುತ್ತದೆ. ಪಿನಿಯನ್ ಸರಿಮಾಡಲು ಆಕ್ಸಲನ್ನು ಬೆಣೆ ಕೊಟ್ಟು ಹೊರಳಿಸಿದರೆ ಕ್ಯಾಸ್ಟರ್ ಕೆಡುತ್ತದೆ, ಕ್ಯಾಸ್ಟರ್ ಸರಿಮಾಡಿದರೆ ಪಿನಿಯನ್ ಕೆಡುತ್ತದೆ. ಈ ಜಗ್ಗಾಟದಲ್ಲಿ ಸುರಕ್ಷತೆಯ ದೃಷ್ಟಿಯಿಂದ ಕ್ಯಾಸ್ಟರ್‌ಗೇ ಮೊದಲ ಮಣೆ ಕೊಡಬೇಕು. ಆದ್ದರಿಂದ ಇಂತಹ ವಾಹನಗಳಿಗೆ ಶ್ಯಾಕಲ್ ಬದಲು ಹೊಸ ಕಮಾನಿನ ಕಮಾನು ಪಟ್ಟಿಗಳೇ ಮೇಲು.

ಜಿಮ್ನಿಯಲ್ಲಿ ಕಾಯಿಲ್ ಸ್ಪ್ರಿಂಗ್ ಎತ್ತರಿಸಿದಾಗ ಆಕ್ಸಲನ್ನು ಹಿಡಿದ ಉದ್ದನೆಯ ಆರ್ಮ್‌ಗಳು ಇಳಿಜಾರಾಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಅದನ್ನು ತಿದ್ದಲು ಓರೆ ತೂತಿನ ಬುಷ್‌ಗಳು ಸಿಗುತ್ತವೆ. ಅಡ್ಡಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಓರೆಯಾಗಿ ಇಡೀ ಆಕ್ಸಲ್ ಒಂದು ಬದಿಗೆ ಸರಿಯುವುದರಿಂದ, ಎರಡೂ ಫೆಂಡರಿನಿಂದ ತೂಕದ ದಾರ ಇಳಿಬಿಟ್ಟು ಟೈರಿನವರೆಗಿನ ಅಂತರ ಅಳೆದು ನೋಡಿ, ವ್ಯತ್ಯಾಸ ಕಂಡರೆ ಉದ್ದ ಹೊಂದಿಸಬಲ್ಲ ರಾಡ್ ಹಾಕಿಸಬೇಕು. ಮೇಲಿನ ಕೆಲಸಗಳೆಲ್ಲ ಮುಗಿದ ಮೇಲೂ ಒಂದು ನಿರ್ದಿಷ್ಟ ವೇಗದಲ್ಲಿ, ಗುಂಡಿಗೆ ಇಳಿದೊಡನೆ ಸ್ಟೀರಿಂಗ್ ಎಡಬಲಕ್ಕೆ ಜೋರಾಗಿ ಬಡಿದುಕೊಳ್ಳತೊಡಗಿದರೆ, ವೇಗ ಇಳಿಸಿ ವಾಹನ ನಿಲ್ಲಿಸಿ. ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ಅದನ್ನು ಮುಚ್ಚಿಹಾಕದೆ, ಪ್ಯಾನ್‌ಹಾರ್ಡ್ ರಾಡಿನ ಬೋಲ್ಟ್, ಟೈ ರಾಡ್ ಎಂಡ್, ಗಾಲಿಯನ್ನು ಹೊತ್ತು ತಿರುಗುವ ನಕಲ್‌ನ ಕಿಂಗ್‌ಪಿನ್ ಬೇರಿಂಗ್ ಮತ್ತು ಕ್ಯಾಸ್ಟರ್ ಅಂಕಿ, ಇದೇ ಕ್ರಮದಲ್ಲಿ ಒಂದೊಂದಾಗಿ ಪರೀಕ್ಷಿಸಿದ ಮೇಲಷ್ಟೇ ಮತ್ತೆ ರಸ್ತೆಗಿಳಿಸಬೇಕು.